ಆಲೆಮನೆಯಲ್ಲಿ ಅಚ್ಚಾದ ನಮ್ಮ ಕೊನೆಯ ಆಲ್ಬಂ

ಮೈಸೂರಿನಲ್ಲಿ ಹನ್ನೊಂದು ವರ್ಷ ನುಡಿಸಿದ ರಾಕ್ ಬ್ಯಾಂಡು ನಮ್ಮದು. ಡ್ರಮ್ಮರ್‌ಗೆ ಜರ್ಮನಿಯಲ್ಲಿ ಕೆಲಸ ಸಿಕ್ಕಿತು. ಬೇಸ್ ನುಡಿಸುವವನಿಗೆ ಕಲಬುರಗಿಗೆ ವರ್ಗ ಆಯಿತು. ನಿಲ್ಲಿಸೋಣ, ಆದರೆ ಒಂದು ಆಲ್ಬಂ ಮಾಡಿಯೇ ನಿಲ್ಲಿಸೋಣ ಅಂದುಕೊಂಡೆವು. ಎಂಟು ಹಾಡು ಕೈಯಲ್ಲಿದ್ದವು. ಗಿಟಾರ್ ನನ್ನದು, ರೆಕಾರ್ಡಿಂಗ್ ಕೂಡ ನನ್ನದೇ.

ಮೊದಲು ಬೆಂಗಳೂರಿನ ಒಂದು ಸ್ಟುಡಿಯೋಗೆ ಹೋದೆವು. ಗಂಟೆಗೆ ಸಾವಿರದ ಇನ್ನೂರೋ ಮುನ್ನೂರೋ ಇತ್ತು. ಮೂರು ದಿನ, ಟೆಂಪೋ ಬಾಡಿಗೆ, ಊಟ ಎಲ್ಲ ಸೇರಿ 45,000 ಹತ್ತಿರ ಹೋಯಿತು. ಕಿವಿಗೆ ಕ್ಲಿಕ್, ಅಂದರೆ ತಾಳ ಎಣಿಸುವ ಟಿಕ್ ಟಿಕ್ ಸದ್ದು, ಹಾಕಿಕೊಂಡು ಒಬ್ಬೊಬ್ಬರೇ ನುಡಿಸಿದೆವು. ತಾಳ ಒಂದು ಕೂದಲೂ ಆಚೀಚೆ ಇಲ್ಲ. ಆದರೆ ಕೇಳಿದರೆ ಉಪ್ಪಿಲ್ಲದ ಸಾರು. ನಮ್ಮ ಡ್ರಮ್ಮರ್ ನನ್ನ ಭುಜ ನೋಡಿಕೊಂಡು ನುಡಿಸುವವನು. ಅಲ್ಲಿ ಅವನ ಎದುರಿಗಿದ್ದದ್ದು ಬರೀ ಗಾಜು. ಎರಡು ಹಾಡಿಗೇ ಕೈಬಿಟ್ಟೆವು.

ಆಮೇಲೆ ಸರಸ್ವತಿಪುರಂನ ನಮ್ಮ ಮನೆ ಮಹಡಿ. ಹನ್ನೆರಡು ಅಡಿ ಕೋಣೆ, ತಗ್ಗು ತಾರಸಿ. ಆರು ಸಾವಿರ ಕೊಟ್ಟು ಫೋಮ್ ಅಂಟಿಸಿದೆ. ಸುಮ್ನೆ ದುಡ್ಡು ದಂಡ. ಅಷ್ಟುದ್ದದ ಕೋಣೆ 47 ಹರ್ಟ್ಸ್ ಆಸುಪಾಸು ಗುಂಯ್ ಅನ್ನುತ್ತೆ. ಬೇಸ್‌ನ ಕೆಳಗಿನ ಎಫ್ ಶಾರ್ಪ್ ಸ್ವರವೂ ಹೆಚ್ಚುಕಡಿಮೆ ಅಷ್ಟೇ ಹರ್ಟ್ಸ್. ಅದು ಬಂದರೆ ಸಾಕು, ಉಳಿದದ್ದೆಲ್ಲ ಮುಳುಗಿ ಹೋಗುತ್ತಿತ್ತು. ಅದಕ್ಕೆ ತೆಳು ಫೋಮ್ ಏನು ಮಾಡೀತು?

ಆಲೆಮನೆ ನೆನಪಾಗಿದ್ದು ಆಗ. ಬೇಸ್ ಹುಡುಗನ ದೊಡ್ಡಪ್ಪನದು, ಮಂಡ್ಯದಿಂದ ಆಚೆ, ನಾಲೆ ಪಕ್ಕ. ಗಾಣ ರಿಪೇರಿಗೆ ಹೋಗಿ ಹತ್ತು ದಿನ ಕೆಲಸ ನಿಂತಿತ್ತು. ಎತ್ತರದ ಹೆಂಚಿನ ಮಾಡು, ಎರಡು ಕಡೆ ಗೋಡೆಯೇ ಇಲ್ಲ. ಬೇಸ್ ಸದ್ದು ಹೊರಗೆ ಹೋಗಿಬಿಡುತ್ತೆ, ಒಳಗೆ ಗುಡ್ಡೆ ಬೀಳಲ್ಲ. ದೊಡ್ಡಪ್ಪನವರು, "ಏನ್ರಪ್ಪಾ, ಬೆಲ್ಲ ಕಾಯ್ಸೋ ಜಾಗ್ದಲ್ಲಿ ಹಾಡು ಮಾಡಕಾಯ್ತದಾ?" ಅಂದರು. ಗೊತ್ತಿದ್ದ ಎಂಜಿನಿಯರ್‌ಗಳೂ ಅದನ್ನೇ ಕೇಳಿದರು. ಎಲ್ಲರೂ ಒಟ್ಟಿಗೆ ನುಡಿಸಿದರೆ ಒಂದು ಮೈಕಿನ ಸದ್ದು ಇನ್ನೊಂದಕ್ಕೆ ನುಗ್ಗುತ್ತೆ, ಆಮೇಲೆ ಒಂದೊಂದನ್ನೇ ಏರಿಸಿ ಇಳಿಸಿ ಮಿಕ್ಸ್ ಮಾಡೋಕೆ ಏನೂ ಉಳಿಯಲ್ಲ ಅಂದರು. ಇಂಗ್ಲೆಂಡಿನ ರಾಕ್ ಬ್ಯಾಂಡು ಲೆಡ್ ಝೆಪೆಲಿನ್ ಹಳ್ಳಿ ಮನೆಯೊಂದರ ಮೆಟ್ಟಿಲ ಬುಡದಲ್ಲಿ ಡ್ರಮ್ಸ್ ಇಟ್ಟು, ಮೇಲಿಂದ ಎರಡು ಮೈಕ್ ಇಳಿಬಿಟ್ಟು ರೆಕಾರ್ಡ್ ಮಾಡಿದ್ದು ಇವರಿಗೆ ಗೊತ್ತಿಲ್ಲವಾ? ನಮ್ಮ ಮೈಸೂರಿನಲ್ಲೇ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದ ರೇಡಿಯೋ ಶುರು ಮಾಡಿರಲಿಲ್ಲವಾ?

ಮೊದಲ ರಾತ್ರಿ ಪೂರ್ತಿ ಹಾಳು. ಊರಿನ ಕರೆಂಟು ಹಾಕಿದೆವು. ಅಕ್ಕಪಕ್ಕದ ಪಂಪ್‌ಸೆಟ್ ಸ್ಟಾರ್ಟ್ ಆದಾಗಲೆಲ್ಲ ಟೇಕ್‌ನಲ್ಲಿ ಟಪ್ ಅಂತ ಸದ್ದು. ಮಾರನೇ ದಿನ ಮನೆಯ ಇನ್ವರ್ಟರ್ ತಂದೆ. ಅದು ಸ್ಕ್ವೇರ್ ವೇವ್, ಗಿಟಾರ್ ಆಂಪ್ಲಿಫೈಯರ್ (ಆಂಪ್) ಜೇನುಗೂಡಿನ ಥರ ಗುಯ್‌ಗುಟ್ಟಿತು. ಕೊನೆಗೆ ಪ್ಯೂರ್ ಸೈನ್ ವೇವ್ ಇನ್ವರ್ಟರ್, 150 ಎಎಚ್‌ನ ಎರಡು ಬ್ಯಾಟರಿ ಬಾಡಿಗೆಗೆ ತಂದೆವು. ಐದು ರಾತ್ರಿಗೆ ನಾಲ್ಕು ಸಾವಿರ. ಹದಿನೈದು ವಾಟ್‌ನ ಎರಡು ವಾಲ್ವ್ ಆಂಪ್, ಬೇಸ್ ಆಂಪ್ ಇಲ್ಲದೆ ನೇರ ತಂತಿಯಲ್ಲಿ ಡಿಐ ಪೆಟ್ಟಿಗೆಗೆ, ಲ್ಯಾಪ್‌ಟಾಪ್, ಮೈಕುಗಳನ್ನು ಅದಕ್ಕೆ ಸೇರಿಸುವ ಎಂಟು ಚಾನೆಲ್ ಇಂಟರ್‌ಫೇಸ್. ಬೆಳಗಿನ ಜಾವದವರೆಗೂ ಆರಾಮಾಗಿ ಓಡಿತು. ರಾತ್ರಿ ಹತ್ತರ ಮೇಲೇ ರೆಕಾರ್ಡಿಂಗ್. ಅದಕ್ಕೆ ಮುಂಚೆ ಕಬ್ಬಿನ ಟ್ರ್ಯಾಕ್ಟರ್‌ಗಳು ಹಾಡು ಹಾಕಿಕೊಂಡು ಓಡಾಡುತ್ತವೆ.

ಮೈಕ್ ಇಟ್ಟ ರೀತಿಯಲ್ಲೇ ಇಡೀ ಆಲ್ಬಂ ಇದೆ. ಗಿಟಾರ್ ಆಂಪ್‌ಗಳಿಗೆ ರಿಬ್ಬನ್ ಮೈಕ್. ಅದಕ್ಕೆ ಹಿಂದೆ ಮುಂದೆ ಕೇಳಿಸುತ್ತೆ, ಎರಡು ಪಕ್ಕ ಕಿವುಡು. ಆ ಕಿವುಡು ಪಕ್ಕವನ್ನು ಡ್ರಮ್ಸ್ ಕಡೆ ತಿರುಗಿಸಿದೆ. ಡ್ರಮ್ಸ್‌ಗೆ ನಾಲ್ಕೇ ಮೈಕ್. ಆಂಪ್ ಮೂರು ಮೀಟರ್ ದೂರ ಇಟ್ಟರೆ ಡ್ರಮ್ಸ್ ಸದ್ದು ಅಲ್ಲಿಗೆ ಒಂಬತ್ತು ಮಿಲಿಸೆಕೆಂಡ್ ತಡವಾಗಿ ಮುಟ್ಟುತ್ತೆ. ಆ ತಡವನ್ನು ನಾನು ಮಿಕ್ಸ್‌ನಲ್ಲಿ ಸರಿಪಡಿಸಲಿಲ್ಲ. ಡ್ರಮ್ಸ್ ಸದ್ದು ಅಗಲವಾಗಿ ಕೇಳಿಸಿದ್ದೇ ಅದರಿಂದ. ಎಲ್ಲರೂ ಹೆದರಿಸಿದ ಆ 'ನುಗ್ಗುವ ಸದ್ದು' ನನಗೆ ಪುಕ್ಕಟೆ ರೂಮ್ ಮೈಕ್, ಅಂದರೆ ಇಡೀ ಜಾಗದ ಮೊಳಗು ಹಿಡಿಯುವ ಮೈಕ್, ಆಯಿತು. ಗೋಡೆ ಇದ್ದ ಮೂಲೆಗಳಿಗೆ ಭತ್ತದ ಹೊಟ್ಟು ತುಂಬಿದ ಗೋಣಿಚೀಲ, ಹದಿನೆಂಟೋ ಇಪ್ಪತ್ತೋ. ಆರು ಸಾವಿರದ ಫೋಮ್‌ಗಿಂತ ಸಾವಿರ ಪಾಲು ಮೇಲು.

ಬೇಸ್ ಆಂಪನ್ನು ಒಲೆ ಬಾಯಿಗೆ ಇಟ್ಟು ನೋಡಿದೆ, ಬರೀ ಗುಡುಗು. ಬಿಟ್ಟೆ. ಆದರೆ ಬೆಲ್ಲದ ಕೊಪ್ಪರಿಗೆ ಇತ್ತಲ್ಲ, ಅದು ಚಿನ್ನ. ಸ್ನೇರ್ ಡ್ರಮ್ ಮತ್ತು ಹಾಡಿದ ದನಿಯನ್ನು ಸಣ್ಣ ಸ್ಪೀಕರ್‌ನಲ್ಲಿ ಕೊಪ್ಪರಿಗೆಗೆ ಬಿಟ್ಟು, ಅಂಚಿಗೆ ಕಂಪನ ಹಿಡಿಯುವ ಪಿಯೆಜೋ ಬಿಲ್ಲೆ ಅಂಟಿಸಿ ವಾಪಸ್ ರೆಕಾರ್ಡ್ ಮಾಡಿದೆ. ಮೂರನೇ ಹಾಡಿನ ರಿವರ್ಬ್, ಅಂದರೆ ಆ ಮೊಳಗು, ಯಾವ ಪ್ಲಗಿನ್ ಸಾಫ್ಟ್‌ವೇರ್ ಅಂತ ನಾಲ್ಕೈದು ಜನ ಕೇಳಿದರು. ಪ್ಲಗಿನ್ ಅಲ್ಲ, ಮಂಡ್ಯದ ಕಬ್ಬಿಣ! ಕೊಪ್ಪರಿಗೆ ಒಳಗೆ ಏನು ಹಾಕಿದ್ದೆ, ಎಷ್ಟು ಹಾಕಿದ್ದೆ ಅನ್ನೋದು ನನ್ನ ಹತ್ತಿರವೇ ಇರಲಿ.

ಮೂರನೇ ರಾತ್ರಿ ಒಂದೇ ಪಟ್ಟಿಗೆ ನಾಲ್ಕು ಹಾಡು ಕೂತವು. ಕ್ಲಿಕ್ ಇಲ್ಲ. ಒಂದು ಹಾಡು ಕೊನೆಗೆ ಬರುವಷ್ಟರಲ್ಲಿ ವೇಗ ನಿಮಿಷಕ್ಕೆ ಆರೇಳು ಬೀಟ್ ಏರಿದೆ, ಅದು ಏರಬೇಕಾದ ಹಾಡೇ. ಒಟ್ಟು ಖರ್ಚು, ದೊಡ್ಡಪ್ಪನ ಮನೆಯ ಮುದ್ದೆ ಊಟ ಬಿಟ್ಟು, 32,000 ಆಸುಪಾಸು. ಮಾಸ್ಟರಿಂಗ್‌ನಲ್ಲಿ (ಹಾಡಿಗೆ ಕೊನೆಯ ಹದ ಕೊಡುವಾಗ) ಸದ್ದನ್ನು ಜಾಸ್ತಿ ಒತ್ತಲಿಲ್ಲ. ಸ್ಪಾಟಿಫೈ ಹೇಗೂ ಎಲ್ಲ ಹಾಡಿನ ಜೋರನ್ನೂ ಮೈನಸ್ 14 ಲಫ್ಸ್‌ಗೆ ತರುತ್ತೆ, ಡ್ರಮ್ಸ್ ಯಾಕೆ ಚಪ್ಪಟೆ ಮಾಡಬೇಕು? ಇನ್ನೂರು ಸಿಡಿ ಹಾಕಿಸಿದೆವು, ಒಂದಕ್ಕೆ ಇನ್ನೂರೈವತ್ತು ರೂಪಾಯಿಯಂತೆ ನೂರ ಎಪ್ಪತ್ತರಷ್ಟು ಹೋದವು.

ಬೀಟಲ್ಸ್ ನಾಲ್ವರೂ ಸೇರಿ ಕೊನೆಯದಾಗಿ ಮಾಡಿದ್ದು 1969ರ ಅಬ್ಬೆ ರೋಡ್. ಅದರ ಕೊನೆಗೆ ಮೂವರು ಸರದಿಯ ಮೇಲೆ ಗಿಟಾರ್ ಸೋಲೋ ನುಡಿಸುತ್ತಾರೆ. ನಮ್ಮಲ್ಲಿ ಗಿಟಾರ್ ಎರಡೇ. ಕೊನೆಯ ಹಾಡಿನಲ್ಲಿ ನಾನು ನಾಲ್ಕು ಬಾರ್ (ತಾಳದ ನಾಲ್ಕು ಸುತ್ತು), ಇನ್ನೊಬ್ಬ ಗಿಟಾರಿಸ್ಟ್ ನಾಲ್ಕು ಬಾರ್, ಎದುರುಬದುರು ನಿಂತು ನುಡಿಸಿದೆವು. ಮುಗಿದ ಮೇಲೆ ಇಪ್ಪತ್ತು ಸೆಕೆಂಡ್ ಯಾರೂ ಮಾತಾಡಲಿಲ್ಲ. ನಾಲೆ ಕಡೆಯಿಂದ ಕಪ್ಪೆ ಸದ್ದು ಬರುತ್ತಿತ್ತು. ಆಮೇಲೆ ಡ್ರಮ್ಮರ್ "ಇನ್ನೊಂದ್ಸಲ ನುಡಿಸೋಣ್ವಾ?" ಅಂದ. ಬೆಳಗಾಗುವ ತನಕ ಇನ್ನೂ ಮೂರು ಸಲ ನುಡಿಸಿದೆವು. ಆಲ್ಬಂನಲ್ಲಿ ಇರೋದು ಮೊದಲನೆಯದೇ, ಕಪ್ಪೆಗಳೂ ಅವನ ಮಾತೂ ಹಾಗೇ ಇವೆ.