ನ್ಯೂಯಾರ್ಕ್ ದಾಟದೆ ಬಂದ ಮಿಡಿಸೌತೆಯ ಹಣ: ನನ್ನ ಅನುಭವ

ರಷ್ಯಾದ ಖರೀದಿದಾರನಿಂದ ರೂಪಾಯಿಯಲ್ಲೇ ಹಣ ತರಿಸಿಕೊಳ್ಳುತ್ತೇನೆಂದು 2022ರ ಕೊನೆಯಲ್ಲಿ ನಾನು ಹೇಳಿದಾಗ, ಯಶವಂತಪುರದ ನಮ್ಮ ರಫ್ತುದಾರರ ಬಳಗದಲ್ಲಿ ನಗದೇ ಇದ್ದವರು ಇಬ್ಬರೋ ಮೂವರೋ ಮಾತ್ರ. ಹಿರಿಯರೊಬ್ಬರು, "ಅಲ್ರೀ ಸ್ವಾಮಿ, ಸೋವಿಯತ್ ಕಾಲದ ರೂಪಾಯಿ ವ್ಯಾಪಾರ ಸತ್ತು ಮೂವತ್ತು ವರ್ಷವಾಯಿತು, ನೀವೀಗ ಅದರ ತಿಥಿ ಮಾಡೋಕೆ ಹೊರಟಿದ್ದೀರಾ?" ಎಂದು ಕೇಳಿದ್ದರು. ಅಂದಿನಿಂದ ಹೆಚ್ಚುಕಡಿಮೆ ನಲವತ್ತು ಕಂಟೇನರ್ ಮಿಡಿಸೌತೆ, ಅಂದರೆ ಉಪ್ಪುನೀರಿನ ಡ್ರಮ್ಮಿನಲ್ಲಿಟ್ಟ ಎಳೆ ಸೌತೆ, ಆ ದಾರಿಯಲ್ಲೇ ಹೋಗಿದೆ, ಒಂದರ ಹಣವೂ ಮುಳುಗಿಲ್ಲ. ಕೇಳುವವರು ಹೆಚ್ಚಾಗಿರುವುದರಿಂದ ಬರೆದಿಡುತ್ತಿದ್ದೇನೆ.

2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಆರಂಭವಾದಾಗ ನನ್ನ ಆರು ಕಂಟೇನರ್ ಸೇಂಟ್ ಪೀಟರ್ಸ್‌ಬರ್ಗ್ ಹಾದಿಯಲ್ಲಿದ್ದವು, ಬಿಲ್ಲು ಡಾಲರಿನಲ್ಲಿತ್ತು. ಮಾರ್ಚ್ 2ರಂದು ಐರೋಪ್ಯ ಒಕ್ಕೂಟವು ರಷ್ಯಾದ ಏಳು ಬ್ಯಾಂಕುಗಳನ್ನು, ದೇಶದೇಶಗಳ ಬ್ಯಾಂಕುಗಳು ಹಣ ರವಾನೆಯ ಸಂದೇಶ ಕಳುಹಿಸುವ ಸ್ವಿಫ್ಟ್ ಜಾಲದಿಂದ ಹೊರಹಾಕಲು ತೀರ್ಮಾನಿಸಿತು, ನನ್ನ ಖರೀದಿದಾರನ ಬ್ಯಾಂಕ್ ಆ ಏಳರಲ್ಲಿ ಒಂದಾಗಿತ್ತು. ಅವನು ಪಾಪ ಬೇರೆ ಬ್ಯಾಂಕಿನಿಂದ ಕಳುಹಿಸಿದ, ಆ ಹಣ ನ್ಯೂಯಾರ್ಕಿನಲ್ಲಿ ನಿಂತುಹೋಯಿತು. ಸೌತೆ ಬೆಳೆದದ್ದು ಕುಣಿಗಲ್ಲಿನಲ್ಲಿ, ತಿನ್ನುವವರು ರಷ್ಯಾದಲ್ಲಿ. ಆದರೂ ಡಾಲರಾದ ತಪ್ಪಿಗೆ ಹಣ ಅಮೆರಿಕದ ಬ್ಯಾಂಕೊಂದರ ಲೆಕ್ಕದ ಮೂಲಕ ಹಾದುಬರಬೇಕು, ಹಾದಿತೆಂದರೆ ಅಮೆರಿಕದ ಕಾನೂನಿಗೆ ಸಿಕ್ಕಿತೆಂದೇ ಅರ್ಥ. ಆಹಾರ ಪದಾರ್ಥಕ್ಕೆ ನಿರ್ಬಂಧವಿರಲಿಲ್ಲ, ಆದರೆ ಅದನ್ನು ಓದಿ ಧೈರ್ಯ ಮಾಡುವ ಬ್ಯಾಂಕರ್ ಇರಬೇಕಲ್ಲ! ಅಮೆರಿಕದ ನಿರ್ಬಂಧವಿದ್ದ ಸುಡಾನ್, ಇರಾನ್, ಕ್ಯೂಬಾಗಳ ವ್ಯವಹಾರ ನಡೆಸಿದ್ದಕ್ಕೆ ಬಿಎನ್‌ಪಿ ಪಾರಿಬಾ ಎಂಬ ಫ್ರಾನ್ಸಿನ ಬ್ಯಾಂಕು 2014ರಲ್ಲಿ ಅಮೆರಿಕಕ್ಕೆ ಸುಮಾರು 890 ಕೋಟಿ ಡಾಲರ್ ದಂಡ ತೆರಲು ಒಪ್ಪಿಕೊಂಡಿದ್ದನ್ನು ಯಾವ ಬ್ಯಾಂಕರೂ ಮರೆತಿಲ್ಲ.

ಹಣ ಕೈಗೆ ಬರಲು ಏಳು ತಿಂಗಳು ಹಿಡಿಯಿತು. ಸಿಕ್ಕಿಬಿದ್ದದ್ದು ಸುಮಾರು 52 ಲಕ್ಷ, ಮಾಲು ಸಿದ್ಧಪಡಿಸಲು ಬ್ಯಾಂಕು ಕೊಡುವ ಪ್ಯಾಕಿಂಗ್ ಕ್ರೆಡಿಟ್ ಸಾಲದ ಬಡ್ಡಿಯೇ ಮೂರೂವರೆ ಲಕ್ಷ ದಾಟಿರಬೇಕು. ಒಂಬತ್ತು ತಿಂಗಳೊಳಗೆ ಹಣ ತರಿಸಬೇಕೆಂಬ, ವಿದೇಶಿ ವಿನಿಮಯ ಕಾನೂನಾದ ಫೆಮಾದ ಅಂದಿನ ಗಡುವನ್ನು ನೆನಪಿಸುವ ಪತ್ರ ನನ್ನದೇ ಬ್ಯಾಂಕಿನಿಂದ ತಿಂಗಳಿಗೊಂದು ಬರುತ್ತಿತ್ತು. ರೈತರಿಗೆ ಹದಿನೈದು ದಿನಕ್ಕೊಮ್ಮೆ ಬಟವಾಡೆ ಆಗಲೇಬೇಕು. ಮಿಡಿಸೌತೆ ಒಂದು ದಿನ ತಡವಾಗಿ ಕೊಯ್ದರೆ ಗ್ರೇಡು ತಪ್ಪುತ್ತದೆ, ಬಟವಾಡೆ ಒಂದು ಸಲ ತಪ್ಪಿದರೆ ರೈತನೇ ತಪ್ಪಿಹೋಗುತ್ತಾನೆ. ನೆಲಮಂಗಲದಲ್ಲಿದ್ದ ಸೈಟು ಮಾರಿ ಬಟವಾಡೆ ಮಾಡಿದೆ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ದುಬೈ ಮೂಲಕ ದಿರ್ಹಮ್‌ನಲ್ಲಿ ಬಿಲ್ಲು ಮಾಡಿ ನೋಡಿದೆ. ಹಣ ಬಂತು, ಆದರೆ ಶೇ. 2.5ರಷ್ಟು ಕತ್ತರಿ ಬಿತ್ತು, ನಮ್ಮ ಮಾಲಿನಲ್ಲಿ ಉಳಿಯುವುದೇ ಅಷ್ಟು. ದೊಡ್ಡ ಹಡಗು ಕಂಪನಿಗಳು ರಷ್ಯಾದ ಬುಕಿಂಗ್ ನಿಲ್ಲಿಸಿದ್ದರಿಂದ ಒಂದು ಕಂಟೇನರನ್ನು ಇರಾನಿನ ಬಂದರ್ ಅಬ್ಬಾಸ್ ದಾರಿಯಲ್ಲಿ ಕಳುಹಿಸಿದೆ. ಅಲ್ಲಿ ಬಿಸಿಲಿಗೆ ಬಿದ್ದು ಎಂಬತ್ತರಲ್ಲಿ ಹನ್ನೊಂದು ಡ್ರಮ್ ಉಬ್ಬಿದವು. ಖರೀದಿದಾರ ಕಳುಹಿಸಿದ ವಿಡಿಯೊದಲ್ಲಿ ಮುಚ್ಚಳ ತೆಗೆದೊಡನೆ ಉಪ್ಪುನೀರು ನೊರೆ ನೊರೆಯಾಗಿ ಉಕ್ಕುತ್ತಿತ್ತು, ಒಳಗಿನ ಕಾಯಿ ಬೆರಳಿಗೆ ಹಿಸುಕಿಹೋಗುತ್ತಿತ್ತು. ಆ ದಾರಿಗೆ ಮತ್ತೆ ಕಾಲಿಟ್ಟಿಲ್ಲ.

ರಿಸರ್ವ್ ಬ್ಯಾಂಕು 2022ರ ಜುಲೈ 11ರಂದು ವಿದೇಶಿ ವ್ಯಾಪಾರದ ಹಣವನ್ನು ರೂಪಾಯಿಯಲ್ಲೇ ತೀರಿಸಲು ಬಿಡುವ ಸುತ್ತೋಲೆ ಹೊರಡಿಸಿತ್ತು. ಅದರಂತೆ ರಷ್ಯಾದ ಬ್ಯಾಂಕು ಭಾರತದ ಬ್ಯಾಂಕಿನಲ್ಲಿ ವಿಶೇಷ ವೋಸ್ಟ್ರೋ ಎಂಬ ರೂಪಾಯಿ ಖಾತೆ ತೆರೆಯುತ್ತದೆ, ನಮ್ಮ ಆಮದಿನ ಹಣ ಅದಕ್ಕೆ ಬೀಳುತ್ತದೆ, ನಮ್ಮ ರಫ್ತಿನ ಹಣ ಅದರಿಂದ ಬರುತ್ತದೆ. ನಾನು ಎಡವಿದ್ದು ಬ್ಯಾಂಕಿನ ಆಯ್ಕೆಯಲ್ಲಿ. ಇಪ್ಪತ್ತು ವರ್ಷದ ನನ್ನ ಬ್ಯಾಂಕಿಗೇ ಮೂರು ತಿಂಗಳು ಅಲೆದೆ. ಮ್ಯಾನೇಜರರು ಕಾಫಿ ಕೊಟ್ಟು, "ಮುಂಬೈಗೆ ಬರೆದಿದ್ದೇವೆ ಸರ್" ಎನ್ನುತ್ತಿದ್ದರು. ಆ ಬ್ಯಾಂಕಿಗೆ ಅಮೆರಿಕದಲ್ಲಿ ಶಾಖೆಯಿದೆ, ಆದ್ದರಿಂದ ದೆಹಲಿ ಹೌದೆಂದರೂ ಅದು ವಾಷಿಂಗ್ಟನ್ನಿನ ಮುಖವನ್ನೇ ನೋಡುತ್ತದೆ ಎಂಬುದು ನನಗೆ ಹೊಳೆದದ್ದು ತಡವಾಗಿ. ಅಮೆರಿಕದಲ್ಲಿ ಕಳೆದುಕೊಳ್ಳಲು ಏನೂ ಇಲ್ಲದ ಬ್ಯಾಂಕನ್ನು ಹುಡುಕಿದೆ, ಎರಡೇ ವಾರದಲ್ಲಿ ಕೆಲಸವಾಯಿತು. ಅಷ್ಟರಲ್ಲಿ, ಅಂದರೆ ನವೆಂಬರ್ 9ರಂದು, ರೂಪಾಯಿಯಲ್ಲಿ ಬಂದ ರಫ್ತು ಹಣಕ್ಕೂ ಸರ್ಕಾರದ ರಫ್ತು ಸವಲತ್ತು ಸಿಗುತ್ತದೆಂದು ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ, ಅಂದರೆ ಡಿಜಿಎಫ್‌ಟಿ ಅಧಿಸೂಚನೆ ಹೊರಡಿಸಿದ್ದರಿಂದ ಲೆಕ್ಕ ಇನ್ನಷ್ಟು ಸರಿಹೋಯಿತು.

ಬಳಗದವರ ಇನ್ನೊಂದು ಅನುಮಾನ, ರಷ್ಯಾದವರಿಗೆ ರೂಪಾಯಿ ಎಲ್ಲಿಂದ ಬರುತ್ತದೆ ಎಂಬುದು. ನಾನು ನಮ್ಮ ಆಮದಿನ ಕಡೆ ನೋಡಿದ್ದೆ. ಅಗ್ಗದ ಕಚ್ಚಾತೈಲವನ್ನು ನಾವು ಹಡಗುಗಟ್ಟಲೆ ಕೊಳ್ಳುತ್ತಿರುವಾಗ, ಅವರು ನಮ್ಮಿಂದ ಕೊಳ್ಳುವುದು ಅದರ ಒಂದು ಸಣ್ಣ ಪಾಲು ಮಾತ್ರ. ಆ ತೈಲದ ಹಣದಲ್ಲಿ ಸ್ವಲ್ಪವೇ ರೂಪಾಯಿಯಲ್ಲಿ ನಡೆದರೂ ಖಾತೆ ತುಂಬಲೇಬೇಕು. 2023ರ ಮೇ ತಿಂಗಳಲ್ಲಿ ಗೋವಾಕ್ಕೆ ಬಂದಿದ್ದ ರಷ್ಯಾದ ವಿದೇಶಾಂಗ ಸಚಿವ ಲಾವ್ರೋವ್ ಅವರೇ, ಭಾರತದ ಬ್ಯಾಂಕುಗಳಲ್ಲಿ ತಮ್ಮ ಶತಕೋಟಿಗಟ್ಟಲೆ ರೂಪಾಯಿ ಬಿದ್ದಿದೆ, ಬಳಸಲಾಗುತ್ತಿಲ್ಲ ಎಂದರು. ಅವರಿಗೆ ತಲೆನೋವಾದದ್ದು ನನ್ನಂಥವನಿಗೆ ಅನುಕೂಲವಾಯಿತು.

ಮೊದಲ ಕಂಟೇನರಿನ ಹಣ ಒಮ್ಮೆ ವಾಪಸು ಹೋಯಿತು. ಬಿಲ್ಲು ರೂಪಾಯಿಯಲ್ಲಿದ್ದರೂ ಹಳೆಯ ಒಪ್ಪಂದದಲ್ಲಿ ಡಾಲರ್ ಎಂದೇ ಉಳಿದಿತ್ತು. ತಿದ್ದಿ ಕಳುಹಿಸಿದ ಮೇಲೆ, 2023ರ ಫೆಬ್ರವರಿಯ ಒಂದು ಸಂಜೆ ಗೊರಗುಂಟೆಪಾಳ್ಯದ ಟ್ರಾಫಿಕ್ಕಿನಲ್ಲಿ ಕಾರು ನಿಂತಿದ್ದಾಗ ಎಂಟು ಲಕ್ಷ ತೊಂಬತ್ತು ಸಾವಿರ ಚಿಲ್ಲರೆ ಜಮೆಯಾದ ಮೆಸೇಜ್ ಬಂತು. ಆ ಸಿಗ್ನಲ್ಲಿನಲ್ಲಿ ನಾನು ಸಂತೋಷಪಟ್ಟದ್ದು ಅದೊಂದೇ ಸಲ.

ಕಷ್ಟ ಅಲ್ಲಿಗೇ ಮುಗಿಯಲಿಲ್ಲ. ಅದೇ ವರ್ಷದ ಆಗಸ್ಟಿನಲ್ಲಿ ರಷ್ಯಾದ ರೂಬಲ್ ಬಿದ್ದು ಡಾಲರಿಗೆ ನೂರು ದಾಟಿದಾಗ ಖರೀದಿದಾರ ಶೇ. 12 ರಿಯಾಯಿತಿ ಕೇಳಿದ, ಆರಕ್ಕೆ ಒಪ್ಪಿಸಿದೆ. ರಷ್ಯಾದ ಯುದ್ಧೋದ್ಯಮಕ್ಕೆ ನೆರವಾಗುವ ಹೊರದೇಶದ ಬ್ಯಾಂಕುಗಳ ಮೇಲೂ ನಿರ್ಬಂಧ ಹೇರಬಹುದೆಂಬ ಆದೇಶಕ್ಕೆ ಅಮೆರಿಕದ ಅಧ್ಯಕ್ಷರು ಡಿಸೆಂಬರ್ 22ರಂದು ಸಹಿ ಹಾಕಿದಾಗ, ನನ್ನ ಧೈರ್ಯವಂತ ಬ್ಯಾಂಕೂ ಆರು ವಾರ ಕೈಕಟ್ಟಿ ಕುಳಿತಿತು. ಉಪ್ಪಿನಲ್ಲಿಟ್ಟ ಸೌತೆ ಯಾವ ಯುದ್ಧೋದ್ಯಮ? ಅದನ್ನೇ ಕಾನೂನಿನ ಭಾಷೆಯಲ್ಲಿ ಒಂದು ಪುಟಕ್ಕಿಳಿಸಿ ಪ್ರತಿ ಬಿಲ್ಲಿಗೂ ಲಗತ್ತಿಸತೊಡಗಿದೆ, ಆಮೇಲೆ ಯಾರೂ ತಡೆದಿಲ್ಲ. ಆ ಪುಟದಲ್ಲಿ ಏನಿದೆಯೆಂದು ಇಲ್ಲಿ ಬರೆಯುವುದಿಲ್ಲ. ವಕೀಲರಿಗೆ ನಲವತ್ತು ಸಾವಿರ ಕೊಟ್ಟು ಬರೆಸಿದ್ದು.

ರಷ್ಯಾದ ತೈಲ ಕೊಂಡದ್ದಕ್ಕೆಂದು ಅಮೆರಿಕ 2025ರ ಆಗಸ್ಟ್ 27ರಿಂದ ನಮ್ಮ ಮಾಲಿನ ಸುಂಕವನ್ನು ಶೇ. 50ಕ್ಕೆ ಏರಿಸಿದಾಗ, ಅಮೆರಿಕವನ್ನೇ ನಂಬಿದ್ದ ಬಳಗದವರ ಅಂಗಳದಲ್ಲಿ ನೀಲಿ ಡ್ರಮ್‌ಗಳು ಸಾಲುಗಟ್ಟಿ ನಿಂತವು. ತಿಥಿಯ ಮಾತಾಡಿದ್ದ ಹಿರಿಯರು ಒಂದು ರಾತ್ರಿ ಒಂಬತ್ತೂವರೆಗೆ ಫೋನ್ ಮಾಡಿ ಬ್ಯಾಂಕಿನ ಹೆಸರು ಕೇಳಿದರು. ಶಾಖೆ, ಅಧಿಕಾರಿ, ಹೋಗಬೇಕಾದ ಹೊತ್ತು ಎಲ್ಲವನ್ನೂ ಹೇಳಿದೆ. ಆ ಒಂದು ಪುಟದ ವಿಚಾರ ಅವರೂ ಕೇಳಲಿಲ್ಲ, ನಾನೂ ಎತ್ತಲಿಲ್ಲ.