ಕೊಬ್ಬನ್ನು ಅಗಿದು ತಿನ್ನಲು ಕಲಿತದ್ದು

ಎಂಟು ವರ್ಷ ನಾನು ತೂಕ ಇಳಿಸಲೆಂದು ಹಗಲೆಲ್ಲ ಕಟ್ಟುನಿಟ್ಟಾಗಿ ತಿಂದು, ರಾತ್ರಿ ಹನ್ನೊಂದಕ್ಕೆ ಬಿಸ್ಕತ್ತಿನ ಡಬ್ಬಿ ತೆರೆಯುತ್ತಿದ್ದೆ. ಕೆನೆ ತೆಗೆದ ಹಾಲು, ಹಳದಿ ಭಾಗ ಬಿಟ್ಟ ಮೊಟ್ಟೆ, ಎಣ್ಣೆಯ ಹನಿಯೂ ಸೋಕದೆ ಬೆಂದ ತರಕಾರಿ, ‘ಕೊಬ್ಬು ರಹಿತ’ ಎಂದು ದೊಡ್ಡ ಅಕ್ಷರದಲ್ಲಿ ಬರೆದ ಸಿಹಿ ಮೊಸರು: ಇದು ನನ್ನ ಹಗಲು. ಆ ಮೊಸರಿನ ಡಬ್ಬಿಯನ್ನು ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದ್ದರೆ, ತೆಗೆದ ಕೊಬ್ಬಿನ ಜಾಗಕ್ಕೆ ಸಕ್ಕರೆಯೂ ಪಿಷ್ಟವೂ ಬಂದು ಕುಳಿತಿರುವುದು ಕಾಣುತ್ತಿತ್ತು. ಓದಲಿಲ್ಲ. ಮುಂಬದಿಯ ಎರಡು ಪದಗಳನ್ನೇ ನಂಬಿದೆ. ಆಗ ನನ್ನ ತೂಕ 88 ಕಿಲೊ, ಎತ್ತರ 168 ಸೆಂಟಿಮೀಟರ್, ವಯಸ್ಸು 43. ಮೆಟ್ಟಿಲು ಹತ್ತುವಾಗ ಮೊಣಕಾಲು ನೋಯುತ್ತಿತ್ತು.

ದಾರಿ ತಿರುಗಿಸಿದ್ದು ಒಂದು ಪ್ರಶ್ನೆ. ರಕ್ತಪರೀಕ್ಷೆಯ ವರದಿ ಹಿಡಿದು ಹೋದಾಗ ವೈದ್ಯೆ ನಾನು ಏನು ತಿನ್ನುತ್ತೇನೆಂದು ಕೇಳಲಿಲ್ಲ. “ನಿಮಗೆ ದಿನಕ್ಕೆ ಎಷ್ಟು ಸಲ ಹಸಿವಾಗುತ್ತದೆ?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಸದಾ ಹಸಿದೇ ಇರುವವಳಿಗೆ ಹಸಿವಿನ ಲೆಕ್ಕ ಎಲ್ಲಿಂದ ಸಿಗಬೇಕು? “ಎರಡು ವಾರ ತೂಕದ ಯಂತ್ರ ಮುಟ್ಟಬೇಡಿ. ಉಂಡ ಹೊತ್ತು, ಮತ್ತೆ ಹಸಿದ ಹೊತ್ತು, ಇವೆರಡನ್ನೇ ಬರೆದುಕೊಂಡು ಬನ್ನಿ” ಎಂದು ಕಳುಹಿಸಿದರು.

ಹಳೆಯ ನೋಟುಪುಸ್ತಕವೊಂದರಲ್ಲಿ ಬರೆಯತೊಡಗಿದೆ. ಬೆಳಗ್ಗೆ ತಿನ್ನುವುದನ್ನು ದಿನಕ್ಕೊಂದು ಬಗೆಯಾಗಿ ಬದಲಿಸಿ ನೋಡಿದೆ. ಒಂದು ವಾರಕ್ಕೇ ವಿಷಯ ಎದ್ದು ಕಂಡಿತು. ಎಂಟು ಗಂಟೆಗೆ ಪೊಟ್ಟಣದ ಧಾನ್ಯದ ಚಕ್ಕೆ, ಕೆನೆ ತೆಗೆದ ಹಾಲು, ಒಂದು ಲೋಟ ಹಣ್ಣಿನ ರಸ ತೆಗೆದುಕೊಂಡ ದಿನ ಹತ್ತೂಕಾಲಕ್ಕೆ ಹಸಿವು. ಎರಡು ಇಡೀ ಮೊಟ್ಟೆ, ಬೇಯಿಸಿದ ಕಾಳು, ಒಂದಷ್ಟು ತರಕಾರಿ ತಿಂದ ದಿನ ಒಂದು ಗಂಟೆಯವರೆಗೆ ಊಟದ ನೆನಪೇ ಬರಲಿಲ್ಲ. ಮೊಟ್ಟೆಯ ಹಳದಿಯನ್ನು ಎಂಟು ವರ್ಷ ಕಸಕ್ಕೆ ಎಸೆದಿದ್ದೆನಲ್ಲ ಎಂದು ನಿಜವಾಗಿಯೂ ದುಃಖವಾಯಿತು.

ಇದರ ಹಿಂದಿನ ಕಾರಣವನ್ನು ಆಮೇಲೆ ಓದಿ ತಿಳಿದುಕೊಂಡೆ. ಕೊಬ್ಬು ಮತ್ತು ಪ್ರೋಟೀನ್ ಸಣ್ಣ ಕರುಳಿನ ಮೊದಲ ಭಾಗವನ್ನು ತಲುಪಿದಾಗ ಅಲ್ಲಿನ ಕೋಶಗಳು ಕೊಲಿಸಿಸ್ಟೊಕೈನಿನ್ ಎಂಬ ಹಾರ್ಮೋನನ್ನು ಬಿಡುತ್ತವೆ. ಅದು ಜಠರ ಖಾಲಿಯಾಗುವ ವೇಗವನ್ನು ತಗ್ಗಿಸುತ್ತದೆ, ಸಾಕು ಎಂಬ ಸೂಚನೆಯನ್ನು ಮೆದುಳಿಗೆ ಮುಟ್ಟಿಸುತ್ತದೆ, ಪಿತ್ತಕೋಶವನ್ನು ಹಿಂಡಿ ಪಿತ್ತರಸ ಹೊರಬರುವಂತೆ ಮಾಡುತ್ತದೆ. ಕೊನೆಯ ಮಾತನ್ನು ಓದಿದಾಗ ನನ್ನ ಅಕ್ಕ ನೆನಪಾದಳು. ಬರೀ ಕೊಬ್ಬಿಲ್ಲದ ದ್ರವಾಹಾರದಲ್ಲಿ ಮೂರು ತಿಂಗಳಿಗೆ 18 ಕಿಲೊ ಇಳಿಸಿದ ಅವಳು ವರ್ಷ ಕಳೆಯುವುದರೊಳಗೆ ಪಿತ್ತಕೋಶದ ಕಲ್ಲಿನ ಶಸ್ತ್ರಚಿಕಿತ್ಸೆಗೆ ಒಳಗಾದಳು. ಬಹಳ ಬೇಗ ತೂಕ ಇಳಿದಾಗ ಯಕೃತ್ತು ಪಿತ್ತರಸಕ್ಕೆ ಹೆಚ್ಚು ಕೊಲೆಸ್ಟ್ರಾಲ್ ಸೇರಿಸುತ್ತದೆ. ಊಟದಲ್ಲಿ ಕೊಬ್ಬೇ ಇಲ್ಲದಿದ್ದರೆ ಪಿತ್ತಕೋಶ ಸರಿಯಾಗಿ ಹಿಂಡಿಕೊಳ್ಳದೆ ಆ ರಸ ಅಲ್ಲೇ ನಿಂತು ಹರಳುಗಟ್ಟುವ ಅಪಾಯವಿದೆ. ಅವಳ ವಿಷಯದಲ್ಲಿ ಅದೇ ಕಾರಣವೆಂದು ನಾನು ತೀರ್ಪು ಕೊಡಲಾರೆ, ಆದರೆ ವಾರಕ್ಕೆ ಅರ್ಧ ಕಿಲೊಗಿಂತ ಹೆಚ್ಚು ಇಳಿಸುವ ಆಸೆಯನ್ನು ನಾನು ಅಂದೇ ಬಿಟ್ಟೆ.

ಇಲ್ಲಿಗೆ ಎಲ್ಲವೂ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಕೊಬ್ಬು ಶತ್ರುವಲ್ಲ ಎಂದು ತಿಳಿದ ಹುಮ್ಮಸ್ಸಿನಲ್ಲಿ ಪಿಷ್ಟ ತಗ್ಗಿಸಿ ನಾನು ಎದುರು ದಂಡೆಗೆ ಹಾರಿದೆ. ಕಾಫಿಗೆ ಬೆಣ್ಣೆ, ಹಸಿ ತರಕಾರಿಯ ಮೇಲೆ ಬಾಟಲಿಯಿಂದ ನೇರವಾಗಿ ಎಣ್ಣೆ, ಸಂಜೆಗೆ ಚೀಸ್. ‘ನೈಸರ್ಗಿಕ’ ಎಂಬ ಪದವೇ ನನಗೆ ಪರವಾನಗಿಯಾಗಿತ್ತು. ಮೊದಲ ಎರಡು ವಾರದಲ್ಲಿ ಮೂರು ಕಿಲೊ ಇಳಿದಾಗ ನನ್ನ ನಂಬಿಕೆ ಇಮ್ಮಡಿಸಿತು. ಇಳಿದದ್ದರಲ್ಲಿ ಹೆಚ್ಚಿನದು ನೀರು. ನಮ್ಮ ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನಾದ ಗ್ಲೈಕೋಜನ್ ತನ್ನ ತೂಕದ ಸುಮಾರು ಮೂರು ಪಟ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಪಿಷ್ಟ ಕಡಿಮೆಯಾದೊಡನೆ ಗ್ಲೈಕೋಜನ್ ಕರಗುತ್ತದೆ, ನೀರು ಹೊರಟುಹೋಗುತ್ತದೆ. ಮೂರನೆಯ ವಾರದಿಂದ ಯಂತ್ರದ ಮುಳ್ಳು ಅಲುಗಲಿಲ್ಲ. ನಾಲ್ಕು ತಿಂಗಳ ಬಳಿಕ ರಕ್ತಪರೀಕ್ಷೆ ಮಾಡಿಸಿದಾಗ ಎಲ್‌ಡಿಎಲ್ ಎಂಬ ‘ಕೆಟ್ಟ’ ಕೊಲೆಸ್ಟ್ರಾಲ್ 118ರಿಂದ 164ಕ್ಕೆ ಏರಿತ್ತು.

ಆ ವರದಿ ಕೈಯಲ್ಲಿ ಹಿಡಿದು ಅಡುಗೆಮನೆಗೆ ಬಂದು, ನಾನು ತರಕಾರಿಗೆ ಸುರಿಯುತ್ತಿದ್ದಷ್ಟೇ ಎಣ್ಣೆಯನ್ನು ಅಳತೆಯ ಚಮಚಕ್ಕೆ ಸುರಿದು ನೋಡಿದೆ. ನಾಲ್ಕು ದೊಡ್ಡ ಚಮಚ. ಒಂದು ಚಮಚಕ್ಕೆ 14 ಗ್ರಾಂ ಎಣ್ಣೆ, ಸುಮಾರು 120 ಕ್ಯಾಲೊರಿ. ಅಂದರೆ ಒಂದು ಬಟ್ಟಲು ಸೊಪ್ಪಿನ ನೆಪದಲ್ಲಿ ಒಂದು ಊಟದಷ್ಟು ಶಕ್ತಿ ಒಳಗೆ ಹೋಗುತ್ತಿತ್ತು, ಹೊಟ್ಟೆಗೆ ಅದರ ಅರಿವೂ ಆಗದಂತೆ. ಬೆಣ್ಣೆಯ ಲೆಕ್ಕ ಬೇರೆಯದೇ ಆಗಿತ್ತು. ಒಟ್ಟು ಶಕ್ತಿಯಲ್ಲಿ ಸ್ಯಾಚುರೇಟೆಡ್ ಕೊಬ್ಬು (ಬೆಣ್ಣೆಯಲ್ಲಿ ಹೆಚ್ಚಾಗಿರುವ, ತಣ್ಣಗಾದಾಗ ಗಟ್ಟಿಯಾಗುವ ಬಗೆ) ನೂರಕ್ಕೆ ಹತ್ತನ್ನು ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ದಿನಕ್ಕೆ 1800 ಕ್ಯಾಲೊರಿ ತಿನ್ನುವವಳಿಗೆ ಅದು 20 ಗ್ರಾಂ. ಒಂದು ದೊಡ್ಡ ಚಮಚ ಬೆಣ್ಣೆಯಲ್ಲೇ ಏಳು ಗ್ರಾಂ ಇರುತ್ತದೆ. ನನ್ನ ಎರಡು ಲೋಟ ಕಾಫಿಯಲ್ಲೇ ದಿನದ ಪಾಲಿನ ಬಹುಭಾಗ ಮುಗಿಯುತ್ತಿತ್ತು.

ಎರಡೂ ದಂಡೆಗಳಲ್ಲಿ ಪೆಟ್ಟು ತಿಂದ ಮೇಲೆ ನನಗೆ ಹೊಳೆದದ್ದು ಇದು: ಆಹಾರದೊಳಗೆ ಇರುವ ಕೊಬ್ಬು ಬೇರೆ, ಆಹಾರದ ಮೇಲೆ ಸುರಿದ ಕೊಬ್ಬು ಬೇರೆ. ಎರಡೂ ಒಂದೇ ಗಿಡದಿಂದ ಬಂದಿರಬಹುದು. ದೇಹಕ್ಕೆ ಅವು ಒಂದೇ ಅಲ್ಲ.

ಬಾದಾಮಿಯ ವಿಷಯ ನನ್ನ ಕಣ್ಣು ತೆರೆಸಿತು. 28 ಗ್ರಾಂ ಬಾದಾಮಿಯಲ್ಲಿ 170 ಕ್ಯಾಲೊರಿ ಎಂದು ಕೋಷ್ಟಕಗಳು ಹೇಳುತ್ತವೆ. ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು 2012ರಲ್ಲಿ ಮನುಷ್ಯರ ದೇಹ ನಿಜವಾಗಿ ಹೀರಿಕೊಳ್ಳುವುದೆಷ್ಟೆಂದು ಅಳೆದಾಗ ಸಿಕ್ಕಿದ್ದು 129. ಉಳಿದ ಎಣ್ಣೆ ಎಲ್ಲಿ ಹೋಯಿತು? ಬಾದಾಮಿಯ ಎಣ್ಣೆ ಅದರ ಜೀವಕೋಶಗಳೊಳಗೆ, ನಾರಿನ ಗೋಡೆಗಳ ಹಿಂದೆ ಕುಳಿತಿರುತ್ತದೆ. ಎಷ್ಟೇ ಅಗಿದರೂ ಹಲ್ಲು ಎಲ್ಲ ಗೋಡೆಗಳನ್ನೂ ಒಡೆಯಲಾರದು. ಒಡೆಯದ ಕೋಶಗಳ ಎಣ್ಣೆ ದೇಹದ ಮೂಲಕ ಹಾಗೆಯೇ ಹಾದುಹೋಗುತ್ತದೆ. ಅದೇ ಬಾದಾಮಿಯನ್ನು ನುಣ್ಣಗೆ ಅರೆದರೆ ಗೋಡೆಗಳೆಲ್ಲ ಒಡೆದು ಈ ವ್ಯತ್ಯಾಸ ಬಹುತೇಕ ಇಲ್ಲವಾಗುತ್ತದೆ. ಇದನ್ನು ಓದಿದ ದಿನವೇ, ಚಮಚದಿಂದ ನೆಕ್ಕುತ್ತಿದ್ದ ಅರೆದ ಬಾದಾಮಿಯ ಸೀಸೆಯನ್ನು ಮನೆಗೆ ತರುವುದನ್ನು ನಿಲ್ಲಿಸಿದೆ. ಸಿಪ್ಪೆ ಸಹಿತ, ಉಪ್ಪು ಸಕ್ಕರೆ ಸೋಕದ ಬಾದಾಮಿ, ಅಕ್ರೋಟು, ಕಡಲೆಕಾಯಿಗಳನ್ನು ವಾರದ ಆರಂಭದಲ್ಲಿ ಮೂವತ್ತು ಮೂವತ್ತು ಗ್ರಾಂ ತೂಗಿ ಏಳು ಪುಟ್ಟ ಡಬ್ಬಿಗಳಲ್ಲಿ ತುಂಬಿಡುತ್ತೇನೆ. ದೊಡ್ಡ ಚೀಲದಿಂದ ನೇರವಾಗಿ ಬಾಯಿಗೆ ಹಾಕಿಕೊಂಡರೆ ಯಾವ ಜೀವಕೋಶದ ಗೋಡೆಯೂ ನಮ್ಮನ್ನು ಕಾಪಾಡದು.

ಹಣ್ಣಿನ ವಿಷಯವೂ ಇದೇ. 1977ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಸೇಬನ್ನು ಮೂರು ಬಗೆಯಲ್ಲಿ ಕೊಟ್ಟು ನೋಡಿದ್ದರು: ಇಡಿಯಾಗಿ, ನುಣ್ಣಗೆ ಅರೆದು, ರಸ ತೆಗೆದು. ರಸವನ್ನು ಇಡೀ ಹಣ್ಣಿಗಿಂತ ಹನ್ನೊಂದು ಪಟ್ಟು ಬೇಗ ಕುಡಿದು ಮುಗಿಸಿದರು, ತೃಪ್ತಿ ಮಾತ್ರ ಇಡೀ ಹಣ್ಣಿನಲ್ಲೇ ಹೆಚ್ಚು. ನಮ್ಮ ಮನೆಯಲ್ಲಿ ರಸದ ಲೋಟ ನಿಲ್ಲಿಸುವುದು ಬೆಣ್ಣೆ ನಿಲ್ಲಿಸಿದ್ದಕ್ಕಿಂತ ಕಷ್ಟವಾಯಿತು. “ಹಣ್ಣು ಒಳ್ಳೆಯದು ಅಂದರೆ ರಸ ಹೇಗೆ ಕೆಟ್ಟದಾಗುತ್ತದೆ ಅಮ್ಮ?” ಎಂದು ಮಗಳು ಪಟ್ಟು ಹಿಡಿದಳು. ಒಂದು ಲೋಟ ರಸಕ್ಕೆ ಬೇಕಾದ ಹಣ್ಣುಗಳನ್ನು ಅವಳ ಮುಂದಿಟ್ಟು, “ಇಷ್ಟನ್ನೂ ಅಗಿದು ತಿಂದು ಮುಗಿಸು” ಎಂದೆ. ಮೂರನೆಯ ಹಣ್ಣನ್ನು ಅರ್ಧಕ್ಕೆ ಬಿಟ್ಟು ಎದ್ದಳು. ಮತ್ತೆ ವಾದ ಮಾಡಲಿಲ್ಲ.

ಕೊಬ್ಬು ಮೇಲೋ ಪಿಷ್ಟ ಮೇಲೋ ಎಂಬ ಜಗಳದಲ್ಲಿ ಈಗ ನನಗೆ ಆಸಕ್ತಿಯಿಲ್ಲ. 2018ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 609 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕೊಬ್ಬು ಕಡಿಮೆ, ಇನ್ನೊಂದಕ್ಕೆ ಪಿಷ್ಟ (ಕಾರ್ಬೊಹೈಡ್ರೇಟ್) ಕಡಿಮೆ ಎಂದು ವರ್ಷವಿಡೀ ನಡೆಸಿದ ಅಧ್ಯಯನ ಪ್ರಕಟವಾಯಿತು. ಸರಾಸರಿ ಇಳಿಕೆ ಒಂದರಲ್ಲಿ 5.3 ಕಿಲೊ, ಇನ್ನೊಂದರಲ್ಲಿ 6 ಕಿಲೊ. ಗಣನೀಯ ವ್ಯತ್ಯಾಸವೇ ಇರಲಿಲ್ಲ. ಎರಡೂ ಗುಂಪಿಗೆ ಸಮಾನವಾಗಿ ಹೇಳಿದ್ದು ಒಂದಿತ್ತು: ಸಕ್ಕರೆ ಮತ್ತು ಮೈದಾದಂಥ ನುಣುಪು ಹಿಟ್ಟು ಬಿಡಿ, ತರಕಾರಿ ಹೆಚ್ಚು ತಿನ್ನಿ, ಸಂಸ್ಕರಿಸದ ಆಹಾರವನ್ನು ಮನೆಯಲ್ಲಿ ಬೇಯಿಸಿಕೊಳ್ಳಿ. ಮರುವರ್ಷ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರ ಪ್ರಯೋಗ ಬಂತು. 20 ಮಂದಿಯನ್ನು ತಮ್ಮಲ್ಲೇ ಇರಿಸಿಕೊಂಡು ಎರಡು ವಾರ ಅತಿಯಾಗಿ ಸಂಸ್ಕರಿಸಿದ ಆಹಾರ, ಎರಡು ವಾರ ಸಂಸ್ಕರಿಸದ ಆಹಾರ ಕೊಟ್ಟರು. ಮುಂದಿಟ್ಟ ತಟ್ಟೆಗಳಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಎಲ್ಲವೂ ಸಮಸಮ, ಬೇಕಾದಷ್ಟು ತಿನ್ನಬಹುದಿತ್ತು. ಸಂಸ್ಕರಿಸಿದ ಆಹಾರದ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದು ಸುಮಾರು 0.9 ಕಿಲೊ ಏರಿದರು, ಇನ್ನೊಂದರಲ್ಲಿ ಅಷ್ಟೇ ಇಳಿದರು. ಈ ಪ್ರಯೋಗದ ಬಗ್ಗೆ ಓದಿದಾಗ ನನ್ನ ಎದೆಯ ಭಾರವೊಂದು ಇಳಿಯಿತು. ಎಂಟು ವರ್ಷ ನಾನು ನನ್ನ ಮನಸ್ಸು ದುರ್ಬಲವೆಂದು ಬೈದುಕೊಂಡಿದ್ದೆ.

ಅಡುಗೆಮನೆಯಲ್ಲಿ ಮಾಡಿದ್ದು ದೊಡ್ಡ ಕೆಲಸವೇನಲ್ಲ. ವಾರಕ್ಕೆರಡು ಸಲ ಕಾಳು ನೆನೆಹಾಕಿ ಒಟ್ಟಿಗೆ ಬೇಯಿಸಿ ಫ್ರಿಜ್ಜಿನಲ್ಲಿಡುತ್ತೇನೆ. ತೌಡು ತೆಗೆಯದ ಧಾನ್ಯವನ್ನು ಮಾತ್ರ ತರುತ್ತೇನೆ. ಅದರ ಮೊಳಕೆಯಲ್ಲೂ ತೌಡಿನಲ್ಲೂ ಎಣ್ಣೆ, ವಿಟಮಿನ್ ‘ಇ’, ನಾರು ಎಲ್ಲವೂ ಇರುತ್ತವೆ, ಪಾಲಿಶ್ ಮಾಡಿದಾಗ ಹೋಗುವುದೂ ಅವೇ. ತಟ್ಟೆಯ ಅರ್ಧ ತರಕಾರಿ. ವಾರಕ್ಕೆರಡು ದಿನ ಕೊಬ್ಬಿರುವ ಮೀನು. ಸಿಹಿಯಿಲ್ಲದ ಮೊಸರು, ಕೆನೆ ತೆಗೆಯದ್ದು, ಒಂದು ಬಟ್ಟಲು. ಎಣ್ಣೆ ಊಟಕ್ಕೆ ಒಂದು ಅಳತೆ ಚಮಚ, ಅದನ್ನು ತರಕಾರಿಗೇ ಹಾಕುತ್ತೇನೆ, ಏಕೆಂದರೆ ಕ್ಯಾರೆಟ್ಟಿನ ಮತ್ತು ಸೊಪ್ಪಿನ ಕ್ಯಾರೊಟಿನ್, ವಿಟಮಿನ್ ‘ಕೆ’ ದೇಹ ಸೇರಬೇಕಾದರೆ ಜೊತೆಗೆ ಸ್ವಲ್ಪ ಕೊಬ್ಬು ಬೇಕೇ ಬೇಕು. ಎಣ್ಣೆಯಿಲ್ಲದ ತರಕಾರಿ ತಿಂದ ಆ ವರ್ಷಗಳಲ್ಲಿ ಅದರ ಸತ್ವವನ್ನೂ ನಾನು ಪೂರ್ತಿ ಪಡೆದಿರಲಿಕ್ಕಿಲ್ಲ. ಪೊಟ್ಟಣದ ಹಿಂಬದಿಯಲ್ಲಿ ‘ಭಾಗಶಃ ಹೈಡ್ರೋಜನೀಕರಿಸಿದ’ ಎಂಬ ಮಾತಿದ್ದರೆ ಆ ಪೊಟ್ಟಣ ಅಲ್ಲೇ ಉಳಿಯುತ್ತದೆ. ಟ್ರಾನ್ಸ್ ಕೊಬ್ಬು ಹೆಚ್ಚಾಗಿ ಬರುವುದು ಹಾಗೆ ಗಟ್ಟಿಮಾಡಿದ ಎಣ್ಣೆಯಿಂದಲೇ. ಎಲ್‌ಡಿಎಲ್ ಏರಿಸಿ, ‘ಒಳ್ಳೆಯ’ ಕೊಲೆಸ್ಟ್ರಾಲ್ ಆದ ಎಚ್‌ಡಿಎಲ್ ಇಳಿಸುವ ಅದರ ಬಗ್ಗೆ ನನಗೆ ಯಾವ ರಾಜಿಯೂ ಇಲ್ಲ.

ಹೀಗೆ ಹದಿನಾಲ್ಕು ತಿಂಗಳಲ್ಲಿ 88ರಿಂದ 74ಕ್ಕೆ ಬಂದೆ. ಲೆಕ್ಕಕ್ಕೆ ತಿಂಗಳಿಗೊಂದು ಕಿಲೊ, ಆದರೆ ಒಂದು ತಿಂಗಳೂ ಲೆಕ್ಕದಂತೆ ನಡೆಯಲಿಲ್ಲ. ಏಳನೆಯ ತಿಂಗಳಿಂದ ಒಂಬತ್ತನೆಯ ತಿಂಗಳವರೆಗೆ 80ರಲ್ಲೇ ನಿಂತಿತ್ತು. ಆಗ ಸೊಂಟಕ್ಕೆ ಟೇಪು ಹಿಡಿದು ನೋಡದೇ ಹೋಗಿದ್ದರೆ ಬಿಟ್ಟುಬಿಡುತ್ತಿದ್ದೆನೇನೋ. ಸುತ್ತಳತೆ ಆ ಅವಧಿಯಲ್ಲೇ ಮೂರು ಸೆಂಟಿಮೀಟರ್ ಇಳಿದಿತ್ತು. ದೇಹ ಹಗುರವಾದಂತೆ ಅದಕ್ಕೆ ಬೇಕಾಗುವ ಶಕ್ತಿಯೂ ಕಡಿಮೆಯಾಗುತ್ತದೆ, ಹಾಗಾಗಿ ಮೊದಲು ಸಾಕಾದ ಬದಲಾವಣೆ ನಂತರ ಸಾಲದು. ಸಂಜೆ ನಲವತ್ತು ನಿಮಿಷ ನಡಿಗೆ ಸೇರಿಸಿದೆ, ರಾತ್ರಿಯ ಧಾನ್ಯವನ್ನು ಅರ್ಧ ಮಾಡಿ ಕಾಳು ಹೆಚ್ಚಿಸಿದೆ. ಎಲ್‌ಡಿಎಲ್ 112ಕ್ಕೆ ಇಳಿದಿದೆ. ಬೆಣ್ಣೆಯನ್ನು ಪೂರ್ತಿ ಬಿಟ್ಟಿಲ್ಲ, ವಾರಕ್ಕೊಮ್ಮೆ ಆಸೆಪಟ್ಟು ತಿನ್ನುತ್ತೇನೆ.

ನನ್ನ ಪತಿಗೆ ಸಕ್ಕರೆ ಕಾಯಿಲೆಯಿದೆ. ಅವರು ನನ್ನ ಜೊತೆಗೇ ಊಟ ಬದಲಿಸುತ್ತೇನೆಂದಾಗ ಮೊದಲು ವೈದ್ಯರ ಬಳಿ ಕಳುಹಿಸಿದೆ. ಇನ್ಸುಲಿನ್ ಅಥವಾ ಸಕ್ಕರೆ ತಗ್ಗಿಸುವ ಕೆಲವು ಮಾತ್ರೆ ತೆಗೆದುಕೊಳ್ಳುವವರು ಪಿಷ್ಟವನ್ನು ಏಕಾಏಕಿ ಕಡಿಮೆ ಮಾಡಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಅವರ ಮಾತ್ರೆಯ ಪ್ರಮಾಣವನ್ನು ಎರಡು ಸಲ ಬದಲಿಸಬೇಕಾಯಿತು. ಮೂತ್ರಪಿಂಡದ ತೊಂದರೆ ಇರುವವರು, ಗರ್ಭಿಣಿಯರು ನನ್ನ ತಟ್ಟೆಯನ್ನು ನಕಲು ಮಾಡಬಾರದು. ಇದನ್ನು ಕೇಳಿದವರಿಗೆಲ್ಲ ಮೊದಲು ಹೇಳುತ್ತೇನೆ.

ಪ್ರಯಾಣದ ದಿನಗಳು ಈಗಲೂ ಕಷ್ಟ. ನಿಲ್ದಾಣಗಳಲ್ಲಿ ಸಿಗುವುದೆಲ್ಲ ಪೊಟ್ಟಣದ್ದೇ. ಬೇಯಿಸಿದ ಮೊಟ್ಟೆ ಎರಡು, ಸೇಬು ಒಂದು, ಬಾದಾಮಿಯ ಪುಟ್ಟ ಡಬ್ಬಿ ಒಂದು ಚೀಲದಲ್ಲಿಟ್ಟುಕೊಂಡೇ ಹೊರಡುತ್ತೇನೆ. ಆರು ಗಂಟೆಯ ಪ್ರಯಾಣಕ್ಕೆ ಅಷ್ಟು ಸಾಕಾಗುತ್ತದೆ. ಅದಕ್ಕಿಂತ ದೂರ ಹೋಗುವಾಗ ಸಿಕ್ಕಿದ್ದನ್ನು ತಿಂದು, ಮರಳಿ ಬಂದ ದಿನ ರಾತ್ರಿಯೇ ಕಾಳು ನೆನೆಹಾಕುತ್ತೇನೆ.