ಖಾರದ ಗಿರಣಿಯಲ್ಲಿ ಕೈ ಉಳಿಸಿಕೊಳ್ಳುವ ಬಗೆ

ಬೇಸಿಗೆ ಬಂತೆಂದರೆ ಬ್ಯಾಡಗಿ, ಹಾವೇರಿ, ಹುಬ್ಬಳ್ಳಿ ಕಡೆ ಖಾರದ ಗಿರಣಿಗಳಿಗೆ ಬಿಡುವಿಲ್ಲ. ವರ್ಷದ ಖಾರ ಮಾಡಿಸಲು ಜನ ಡಬ್ಬಿ ಹಿಡಿದು ಸಾಲು ನಿಂತಿರುವಾಗ ಮಷೀನ್ ನಿಲ್ಲಿಸುವ ಮನಸ್ಸು ಯಾರಿಗೂ ಇರುವುದಿಲ್ಲ. ಆ ಗಡಿಬಿಡಿಯಲ್ಲಿ ಕೈ ಹೋಗುವ ಜಾಗ ಎರಡು: ಪಟ್ಟಾ (ಬೆಲ್ಟ್) ಅದು ಸುತ್ತುವ ಚಕ್ರದ, ಅಂದರೆ ಪುಲ್ಲಿಯ, ಒಳಗೆ ನುಗ್ಗುವಲ್ಲಿ, ಮತ್ತು ಮಾಲು ಕಟ್ಟಿಕೊಂಡಾಗ ಅದನ್ನು ಸುರಿಯುವ ಹಾಪರ್‌ನ ಬಾಯಲ್ಲಿ. ಗೋಡೆಗೆ ‘ಎಚ್ಚರಿಕೆ’ ಬೋರ್ಡು, ಕೆಲಸದವರಿಗೆ ಕೈಗವಸು ಕೊಡಿಸಿ ಮುಗಿಸುವವರೇ ಹೆಚ್ಚು. ಮೊದಲು ಆಗಬೇಕಾದ್ದು ಗಾರ್ಡ್, ಅಂದರೆ ಪಟ್ಟಾಕ್ಕೆ ಮರೆ; ಆಮೇಲೆ ಮೇನ್ ಸ್ವಿಚ್ಚಿಗೆ ಬೀಗ. ಉಳಿದದ್ದೆಲ್ಲ ಅದರ ನಂತರ.

ಲೆಕ್ಕ ನೋಡಿ. ನಿಮಿಷಕ್ಕೆ 1440 ಸುತ್ತಿನ ಮೋಟರಿಗೆ 200 ಮಿ.ಮೀ. ಪುಲ್ಲಿ ಇದ್ದರೆ ಪಟ್ಟಾ ಸೆಕೆಂಡಿಗೆ ಸುಮಾರು 15 ಮೀಟರ್ ಓಡುತ್ತದೆ. ಬೆಚ್ಚಿ ಕೈ ಹಿಂದೆಳೆಯಲು ಕಾಲು ಸೆಕೆಂಡು ಹಿಡಿದರೂ ಅಷ್ಟರಲ್ಲಿ ಪಟ್ಟಾ ಮೂರೂವರೆ ಮೀಟರ್ ದಾಟಿರುತ್ತದೆ. ‘ಹುಷಾರಾಗಿರು’ ಎನ್ನುವ ಮಾತು ಇಲ್ಲಿ ಕೆಲಸಕ್ಕೆ ಬಾರದು.

ಗಾರ್ಡ್ ಅನ್ನು ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಬಹುದು. 25×25×3 ಮಿ.ಮೀ. ಆಂಗಲ್‌ನ ಚೌಕಟ್ಟು, ಅದಕ್ಕೆ ಜಾಳಿಗೆ. ಜಾಳಿಗೆಯ ಕಣ್ಣಿಗೂ ಪಟ್ಟಾದ ಅಂತರಕ್ಕೂ ನಂಟಿದೆ. ಚೌಕ ಕಣ್ಣು 10 ಮಿ.ಮೀ. ಮೀರದಿದ್ದರೆ ಜಾಳಿಗೆ ಪಟ್ಟಾದಿಂದ ಕನಿಷ್ಠ 25 ಮಿ.ಮೀ. ದೂರ ಇರಬೇಕು; ಜಾಳಿಗೆ ಬಾಗುವುದನ್ನೂ ಲೆಕ್ಕ ಹಿಡಿದು 50 ಇಡುವುದು ಒಳ್ಳೆಯದು. ಕಣ್ಣು 20 ಮಿ.ಮೀ. ಆದರೆ 120 ಬಿಡಬೇಕು. 40 ದಾಟಿದರೆ ತೋಳೇ ಒಳಗೆ ಹೋಗುವುದರಿಂದ 850 ಮಿ.ಮೀ. ಬೇಕು, ಅಷ್ಟು ಜಾಗ ಯಾವ ಗಿರಣಿಯಲ್ಲೂ ಇರುವುದಿಲ್ಲ. ಗೋಡೆ ಕಡೆಯ ಬದಿಯನ್ನು ಬಿಡಬೇಡಿ. ಕಸ ಗುಡಿಸುವವರು ಹೋಗುವುದು ಆ ಸಂದಿಗೇ.

ಹಾಕಿದ ಗಾರ್ಡ್ ತಿಂಗಳೊಳಗೆ ಮೂಲೆ ಸೇರುವುದೇಕೆ? ಗ್ರೀಸ್ ಹಾಕಲು ಬಿಚ್ಚುತ್ತಾರೆ, ಮತ್ತೆ ಕೂರಿಸುವುದಿಲ್ಲ. ಹಾಗಾಗಿ ಬೇರಿಂಗಿನ ಗ್ರೀಸ್ ನಿಪ್ಪಲ್‌ಗೆ ಸಣ್ಣ ತಾಮ್ರದ ನಳಿಗೆ ಜೋಡಿಸಿ ಗಾರ್ಡಿನ ಹೊರಗೆ ತನ್ನಿ. ತಂತಿ ಸುತ್ತಿ ಕಟ್ಟಬೇಡಿ, ಪಾನಾ (ಸ್ಪ್ಯಾನರ್) ಇಲ್ಲದೆ ಬಿಚ್ಚಲಾಗದ ಬೋಲ್ಟು ಹಾಕಿಸಿ. ಮೇಲಿಂದ ಮೇಲೆ ತೆರೆಯಲೇಬೇಕಾದ ಕಡೆ ಬಾಗಿಲು ಮಾಡಿಸಿ, ಅದಕ್ಕೊಂದು ಲಿಮಿಟ್ ಸ್ವಿಚ್ (ಬಾಗಿಲು ಸರಿದರೆ ತಾನೇ ಬದಲಾಗುವ ಸ್ವಿಚ್) ಕೂರಿಸಿ ಸ್ಟಾರ್ಟರಿನ ಸ್ಟಾಪ್ ಬಟನ್ ಸಾಲಿನಲ್ಲಿ ಸೇರಿಸಿದರೆ ಬಾಗಿಲು ತೆರೆದೊಡನೆ ಮೋಟರಿಗೆ ಕರೆಂಟು ಕಡಿಯುತ್ತದೆ. ಆದರೂ ರೋಟರ್ (ಒಳಗೆ ಸುತ್ತಿಗೆಗಳನ್ನು ಹೊತ್ತು ಸುತ್ತುವ ಭಾಗ) ಕೂಡಲೇ ನಿಲ್ಲುವುದಿಲ್ಲ, ಅದು ನೆನಪಿರಲಿ. ಯಂತ್ರ ತಿರುಗುವಷ್ಟು ಹೊತ್ತೂ ಬೇಲಿ ಜಾಗದಲ್ಲೇ ಇರಬೇಕೆಂದು 1948ರ ಫ್ಯಾಕ್ಟರಿ ಕಾಯ್ದೆಯ 21ನೇ ಸೆಕ್ಷನ್ನಿನಲ್ಲೇ ಬರೆದಿತ್ತು. ಸಣ್ಣ ಗಿರಣಿ ಆ ಕಾಯ್ದೆಯೊಳಗೆ ಬರುತ್ತಿತ್ತೋ ಇಲ್ಲವೋ, ಪುಲ್ಲಿಗೇನು ಗೊತ್ತು!

ಹಾಪರ್‌ನ ಬಾಯಿಗೆ ಅಡ್ಡ ಸರಳು ಬೆಸೆಸಿ. ಸಂದಿ 120 ಮಿ.ಮೀ. ಮೀರಬಾರದು, ಅಲ್ಲಿಂದ ಸುತ್ತಿಗೆಗಳವರೆಗೆ 850 ಮಿ.ಮೀ. ಆಳ ಇರಬೇಕು. ಮಾಲು ನೂಕುವ ಕಟ್ಟಿಗೆಗೆ ಮೇಲೊಂದು ಅಡ್ಡ ಹಿಡಿಕೆ ಇದ್ದರೆ ಅದು ಸರಳಿಗೆ ತಡೆದು ನಿಲ್ಲುತ್ತದೆ, ರೋಟರ್ ಮುಟ್ಟುವುದಿಲ್ಲ. ಹಸಿ ಇರುವ ಮೆಣಸಿನಕಾಯಿ ಜರಡಿಗೆ ಮೆತ್ತಿಕೊಳ್ಳುವುದರಿಂದಲೇ ಕಟ್ಟಿಕೊಳ್ಳುವುದು ಹೆಚ್ಚು. ಚೆನ್ನಾಗಿ ಒಣಗದ ಕಾಯಿಯನ್ನು ಹಾಕದೆ ವಾಪಸ್ ಕಳಿಸುವುದೂ ಸುರಕ್ಷತೆಯ ಕೆಲಸವೇ.

ಕಟ್ಟಿಕೊಂಡಾಗ ಹೀಗೆ ಮಾಡಿ:

1. ಮಾಲು ಹಾಕುವುದು ನಿಲ್ಲಿಸಿ, ಕೆಂಪು ಬಟನ್ ಒತ್ತಿ.
2. ಮೇನ್ ಸ್ವಿಚ್ ಇಳಿಸಿ ಹಿಡಿಕೆಗೆ ಬೀಗ ಹಾಕಿ. ಕೀಲಿ ಕೆಲಸ ಮಾಡುವವರ ಕಿಸೆಯಲ್ಲೇ ಇರಬೇಕು, ಮಾಲೀಕರ ಗಲ್ಲಾದಲ್ಲಲ್ಲ. ಇಬ್ಬರು ಕೈ ಹಾಕುವುದಾದರೆ ಎರಡು ಬೀಗ. ಬೀಗದ ತೂತಿಲ್ಲದ ಹಳೆ ಸ್ವಿಚ್ ಆಗಿದ್ದರೆ, ಇಳಿಸಿದ ಮೇಲೆ ಮೂರೂ ಫ್ಯೂಜ್ ಕಿತ್ತು ಜೇಬಿಗೆ ಹಾಕಿಕೊಳ್ಳಿ.
3. ಹಸಿರು ಬಟನ್ ಒತ್ತಿ ನೋಡಿ. ಮೋಟರು ಅಲುಗದಿದ್ದರೆ ಮತ್ತೆ ಕೆಂಪು ಒತ್ತಿ.
4. ಪುಲ್ಲಿಯ ಮೇಲೆ ಬಿಳಿ ಬಣ್ಣದ ಗೀಟು ಎಳೆದಿಟ್ಟಿರಿ. ಕರೆಂಟು ಹೋದ ಮೇಲೂ ಭಾರವಾದ ರೋಟರ್ ಬಹಳ ಹೊತ್ತು ಸುತ್ತುತ್ತದೆ, ಸದ್ದು ಕಡಿಮೆಯಾಯಿತೆಂದು ನಂಬಬೇಡಿ. ಗೀಟು ನಿಂತದ್ದು ಕಂಡ ಮೇಲೆಯೇ ಬಾಗಿಲು ತೆರೆಯಿರಿ.
5. ಕೈಯಿಂದಲ್ಲ, ಕೊಕ್ಕೆ ಮತ್ತು ಬ್ರಷ್‌ನಿಂದ ತೆಗೆಯಿರಿ.

ಕುಟ್ಟುವ ಮಷೀನಿಗೆ ಇನ್ನೊಂದು ಅಪಾಯ: ಕರೆಂಟು ಇಲ್ಲದಿದ್ದರೂ ಮೇಲೆತ್ತಿದ ಒನಕೆ ತನ್ನ ಭಾರಕ್ಕೇ ಬೀಳುತ್ತದೆ. ಅಡಿಗೆ ಗಟ್ಟಿ ಮರದ ದಿಮ್ಮಿ ಕೊಡದೆ ಕೈ ಇಡಬಾರದು.

ಇನ್ನು ಕರೆಂಟು ಹೋದ ಹೊತ್ತು. ‘ಹೆಂಗೂ ಲೈಟ್ ಇಲ್ಲ’ ಎಂದು ಒಳಗೆ ಕೈ ಹಾಕುವುದೇ ದೊಡ್ಡ ಅಪಾಯ. ನೋ-ವೋಲ್ಟ್ ಕಾಯಿಲ್ ಇರುವ ಸ್ಟಾರ್ಟರ್ ಕರೆಂಟು ಹೋದಾಗ ತಾನೇ ಬಿಟ್ಟುಕೊಳ್ಳುತ್ತದೆ, ಕರೆಂಟು ಬಂದರೂ ತಾನಾಗಿ ಓಡುವುದಿಲ್ಲ. ಆದರೆ ಬರೀ ಮೇನ್ ಸ್ವಿಚ್ಚಿನ ಮೇಲೆ ಓಡುವ ಮೋಟರು, ಇಲ್ಲವೇ ಒತ್ತಿ ಕಟ್ಟಿಟ್ಟ ಸ್ಟಾರ್ಟರ್, ಲೈಟ್ ಬಂದ ಕ್ಷಣ ಓಡುತ್ತದೆ. ಸ್ಟಾರ್ಟರಿಗೆ ಕಟ್ಟಿದ ದಾರ, ಸಿಕ್ಕಿಸಿದ ಕಡ್ಡಿ ಕಂಡರೆ ಅವತ್ತೇ ಕಿತ್ತುಹಾಕಿ.

ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ಕೂರುವ ಜಾಗ ಪಟ್ಟಾದಿಂದ ದೂರ, ಬೇರೆ ಕೋಣೆಯಲ್ಲಾದರೆ ಉತ್ತಮ. ಮಷೀನ್ ಬಳಿ ಸಡಿಲ ಸೆರಗು, ದುಪಟ್ಟಾ, ಹೆಗಲ ಮೇಲಿನ ಟವೆಲ್, ಲುಂಗಿ ಬೇಡ. ಖಾರ ಉರಿಯುತ್ತದೆಂದು ಹಾಕಿದ ಕೈಗವಸನ್ನು ತಿರುಗುವ ಶಾಫ್ಟಿನ ಹತ್ತಿರ ಬರುವ ಮೊದಲು ಬಿಚ್ಚಬೇಕು. ಅದರ ಒಂದು ನೂಲು ಸಿಕ್ಕರೂ ಕೈಯನ್ನೇ ಎಳೆಯುತ್ತದೆ. ಖಂಡೆ ಪೂಜೆಯ (ಆಯುಧ ಪೂಜೆಯ) ಮರುದಿನ ಗುಂಡಿ ಒತ್ತುವ ಮುಂಚೆ ಹೂಮಾಲೆ, ದಾರ ಎಲ್ಲ ತೆಗೆಯಿರಿ.

ಯಾರದಾದರೂ ಕೈ ಸಿಕ್ಕಿಕೊಂಡರೆ ಮೇನ್ ಇಳಿಸಿ, 108ಕ್ಕೆ ಫೋನ್ ಮಾಡಿ. ಮೋಟರನ್ನು ಉಲ್ಟಾ ಓಡಿಸಿ ಬಿಡಿಸುವುದು ಬೇಡವೇ ಬೇಡ. ಮೋಟರಿನ ಬೋಲ್ಟು ಸಡಿಲಿಸಿ ಪಟ್ಟಾ ತೆಗೆದು, ಪುಲ್ಲಿಯನ್ನು ಕೈಯಿಂದ ನಿಧಾನ ತಿರುಗಿಸಿ. ಅದಕ್ಕೆ ಬೇಕಾದ ಪಾನಾ ಗೋಡೆಗೆ ತೂಗುಹಾಕಿರಲಿ. ಗಾಯದ ಮೇಲೆ ಶುದ್ಧ ಬಟ್ಟೆಯಿಟ್ಟು ಒತ್ತಿ ಹಿಡಿಯಿರಿ. ಬೆರಳು ತುಂಡಾಗಿದ್ದರೆ ಒದ್ದೆ ಶುದ್ಧ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಐಸ್ ಹಾಕಿದ ನೀರಿನಲ್ಲಿಟ್ಟು ಗಾಯಾಳುವಿನ ಜೊತೆಗೇ ಕಳಿಸಿ. ಬೆರಳಿಗೆ ಐಸ್ ನೇರವಾಗಿ ತಾಗಬಾರದು.